ಐದನೇ ಹೋಲಿನ ಮುನಿಯಲ್ಲಮ್ಮ

ಗಾಲ್ಫ್ ಎಂಬ ಆಟದ ಮೇಲೆ ನನಗೆ ಅಂಥ ಗೌರವವೇನೂ ಇಲ್ಲ. ಹನ್ನೊಂದು ವರ್ಷ ಅದರ ಅನ್ನ ತಿಂದು ಈ ಮಾತು ಹೇಳುತ್ತಿದ್ದೇನೆ. ಉಂಡ ಮನೆಯ ಜಂತೆ ಎಣಿಸುತ್ತಾನೆ ಎಂದು ಬೇಕಾದವರು ಬೈದುಕೊಳ್ಳಲಿ. ಅಂಗೈಯಲ್ಲಿ ಮುಚ್ಚಿಡಬಹುದಾದ ಒಂದು ಬಿಳಿ ಚೆಂಡಿಗೆ ನೂರಾರು ಎಕರೆ ಹುಲ್ಲು ಬೆಳೆಸಿ, ಅದಕ್ಕೆ ನೀರು ಹಾಯಿಸಿ, ಆಮೇಲೆ ಬಿಸಿಲಲ್ಲಿ ಅದರ ಹಿಂದೆ ನಡೆಯುವುದು ನನ್ನ ಬುದ್ಧಿಗೆ ಇವತ್ತಿಗೂ ನಿಲುಕಿಲ್ಲ. ಆದರೆ ಟೇಕಲ್ಲಿನ ನಮ್ಮ ಕ್ಲಬ್ಬಿನ ಐದನೇ ಹೋಲಿನ ಮುಂದೆ ನಿಂತಾಗ ನನ್ನ ಬಾಯಿ ತಾನಾಗಿ ಕಟ್ಟುತ್ತಿತ್ತು. ಯಾಕೆ ಕಟ್ಟುತ್ತಿತ್ತು ಎನ್ನುವುದು ಮುನಿಯಲ್ಲಮ್ಮನಿಂದ ನನಗೆ ತಿಳಿಯಿತು. ಅದಕ್ಕೇ ಆಕೆಯ ಕಥೆ ಹೇಳುತ್ತಿದ್ದೇನೆ.

ನಾನು ಮುಳಬಾಗಿಲಿನವನು. ನಮ್ಮ ಮನೆತನದ ಗಂಡಸರು ಒಂದೋ ದೇವರ ಪೂಜೆ ಮಾಡುತ್ತಿದ್ದರು, ಇಲ್ಲವೇ ಯಾರದೋ ಲೆಕ್ಕ ಬರೆಯುತ್ತಿದ್ದರು. ನನಗೆ ಮಂತ್ರ ಬಾಯಿಪಾಠವಾಗಲಿಲ್ಲ, ಹಾಗಾಗಿ ಲೆಕ್ಕ ಗಂಟುಬಿತ್ತು. ತೊಂಬತ್ತಾರರಲ್ಲಿ ಬೆಂಗಳೂರಿನ ಕೆಲವು ದುಡ್ಡಿನವರು ಟೇಕಲ್ ಬೆಟ್ಟದ ಪಕ್ಕ ಜಮೀನು ಕೊಂಡು ಗಾಲ್ಫ್ ಕ್ಲಬ್ಬು ಕಟ್ಟಲು ಹೊರಟರು. ಆಫೀಸು ನೋಡಿಕೊಳ್ಳುವವರು ಬೇಕು ಎಂದರು, ಸೇರಿಕೊಂಡೆ. ಮಾಲೂರಿನಲ್ಲಿ ಒಂದು ರೂಮು, ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಟೇಕಲ್, ಅಲ್ಲಿಂದ ಸೈಕಲ್ಲು.

ಜಾಗವೋ, ದೇವರಿಗೇ ಪ್ರೀತಿ. ಎಲ್ಲಿ ನೋಡಿದರೂ ಬಂಡೆ, ಲಂಟಾನ, ಅಲ್ಲೊಂದು ಇಲ್ಲೊಂದು ರಾಗಿ ಹೊಲ. ನಟ್ಟನಡುವೆ ಕೈಬಿಟ್ಟ ಕಲ್ಲು ಕ್ವಾರಿ. ಕಲ್ಲು ತೆಗೆಯುವವರು ಬಿಟ್ಟುಹೋದ ಮೇಲೆ ಊಟೆ ನೀರು ಒಸರಿ ಆ ಗುಂಡಿ ತುಂಬಿಕೊಂಡಿತ್ತು. ಗೋಡೆಯಂತೆ ಕಡಿದ ಬಂಡೆಗಳ ನಡುವೆ ಕಪ್ಪಗೆ, ಅಲುಗಾಡದೆ ನಿಂತ ನೀರು. ಎಲ್ಲರೂ ಅದನ್ನು ಮುಚ್ಚಿಸಿ ಎಂದೇ ಹೇಳಿದರು. ಒಬ್ಬ ನಂದಕಿಶೋರ್ ಮಾತ್ರ ಒಪ್ಪಲಿಲ್ಲ.

ನಂದಕಿಶೋರ್ ಎಂದರೆ ಆ ಮೈದಾನದ ನಕ್ಷೆ ಬರೆದವರು. ಬೋಳುತಲೆ, ಸದಾ ಧೂಳು ಹಿಡಿದ ಬೂಟು, ಊಟದ ಪರಿವೆ ಇಲ್ಲ. ಒಂದು ದಿನ ನನ್ನನ್ನು ಗುಂಡಿಯ ಈಚೆ ದಡದ ಬಂಡೆ ಮೇಲೆ ಕರೆದುಕೊಂಡು ಹೋಗಿ ನಿಲ್ಲಿಸಿ, ಆಚೆ ದಡ ತೋರಿಸಿದರು. ಚೆಂಡು ಹೊಡೆಯುವ ಜಾಗದಿಂದ ಅದು ಬೀಳಬೇಕಾದ ಕುಳಿಯವರೆಗೆ ಒಂದು ಹೋಲು; ಬೇರೆ ಹೋಲುಗಳೆಲ್ಲ ಉದ್ದ, ಚೆಂಡನ್ನು ನಾಲ್ಕೈದು ಏಟಿನಲ್ಲಿ ಮುಗಿಸಬೇಕು. ಇದು ಗಿಡ್ಡದು, ಇದಕ್ಕೆ ಮೂರೇ ಏಟು, ಪಾರ್ ತ್ರೀ ಅನ್ನುತ್ತಾರೆ ಎಂದು ವಿವರಿಸಿದರು. ಇಲ್ಲಿಂದ ಹೊಡೆದ ಒಂದೇ ಏಟಿಗೆ ಚೆಂಡು ಗುಂಡಿ ದಾಟಿ ಆಚೆಯ ಹುಲ್ಲಿನ ಮೇಲೆ ಕೂರಬೇಕು. ಉಳಿದ ಎರಡರಲ್ಲಿ ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸಬೇಕು.

"ಗುಂಡಿ ಮುಚ್ಚಿದ್ರೆ ಸುಲಭ ಅಲ್ವಾ ಸಾರ್?" ಎಂದೆ.

ದೇವರನ್ನು ಎತ್ತಿಟ್ಟು ಗುಡಿ ಗುಡಿಸೋಣವೇ ಎಂದು ಕೇಳಿದವನನ್ನು ನೋಡುವ ಹಾಗೆ ನೋಡಿದರು.

"ಮುಕುಂದ್, ಉದ್ದದ ಹೋಲಲ್ಲಿ ಮೊದಲ್ನೇ ಏಟು ಕೆಟ್ರೆ ಎರಡ್ನೇದ್ರಲ್ಲಿ ಮುಚ್ಚಾಕ್ಬೋದು. ಇಲ್ಲಿ ಆ ಸಬೂಬು ನಡೆಯಲ್ಲ. ಒಳ್ಳೇ ಪಾರ್ ತ್ರೀ ಅಂದ್ರೆ ಏನನ್ನೂ ಬಚ್ಚಿಡಬಾರ್ದು. ನಿಂತ ಜಾಗದಿಂದ್ಲೇ ನೀರು, ಹುಲ್ಲು, ಬಾವುಟ ಎಲ್ಲಾ ಕಾಣ್ಬೇಕು. ಹೆದರೋನಿಗೆ ಅಂತ ಎಡಗಡೆ ಒಂದು ದಾರಿ ಬಿಟ್ಟಿರ್ಬೇಕು, ನೋಡಿ, ಅಲ್ಲಿ ನೀರಿಲ್ಲ. ಇಷ್ಟಾದ್ಮೇಲೆ ಅವನುಂಟು, ಅವನ ಎದೆ ಉಂಟು."

ನನಗೆ ಅರ್ಥವಾಗಲಿಲ್ಲ. ಆದರೆ ಬೆಟ್ಟದ ಸಂದಿಯಿಂದ ಗಾಳಿ ಬೀಸಿ ಆ ಕಪ್ಪು ನೀರು ಸುಕ್ಕುಗಟ್ಟಿದ್ದನ್ನು ಕಂಡಾಗ ಮೈ ಜುಮ್ಮೆಂದಿತು. ಸುಳ್ಳು ಯಾಕೆ ಹೇಳಲಿ.

ಹುಲ್ಲು ನೆಡುವ ಕೆಲಸಕ್ಕೆ ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಬಂದರು. ಗದ್ದೆ ನಾಟಿಯ ಹಾಗೆಯೇ, ಹಗ್ಗ ಹಿಡಿದು ಸಾಲಾಗಿ ಬಗ್ಗಿ, ಒಂದೊಂದೇ ಬೇರನ್ನು ಮಣ್ಣಿಗೆ ಚುಚ್ಚುತ್ತಾ ಹಿಂದೆ ಸರಿಯುತ್ತಿದ್ದರು. ಅವರಿಗೆ ಮೇಸ್ತ್ರಿ ಮುನಿಯಲ್ಲಮ್ಮ. ನಲವತ್ತರ ಆಜುಬಾಜು ವಯಸ್ಸು, ಗಟ್ಟಿ ಮೈ, ಆ ಕಡೆ ಬೆಟ್ಟದವರೆಗೂ ಕೇಳುವ ಗಂಟಲು. ಮೊದಲ ದಿನವೇ ನನ್ನ ಟೇಬಲ್ಲಿನ ಮುಂದೆ ಬಂದು ನಿಂತಳು.

"ಸಾಮೀ, ಆ ಕ್ವಾರಿ ಗುಂಡಿ ಮುಚ್ಸಿಬಿಡಿ."

"ಅದು ನನ್ನ ಕೈಲಿಲ್ಲಮ್ಮ."

"ಯಾರ ಕೈಲೈತೋ ಅವ್ರಿಗೆ ಹೇಳಿ."

"ಯಾಕೆ ಮುಚ್ಚಿಸ್ಬೇಕು?"

"ಯಾಕೂ ಇಲ್ಲ, ಮುಚ್ಸಿ," ಎಂದು ಹೊರಟೇ ಹೋದಳು. ಆಮೇಲೆ ಪ್ರತಿ ಶನಿವಾರ ಕೂಲಿ ತೆಗೆದುಕೊಳ್ಳುವಾಗಲೂ ಅದೇ ಮಾತು. ನನಗೆ ರೇಗಿಹೋಗುತ್ತಿತ್ತು. ಹಿಡಿದ ಹಠ ಬಿಡದ ಜಾತಿ.

ಕಾರಣ ತಿಳಿದದ್ದು ಬಾವುಟದ ದಿನ. ಐದನೇ ಹೋಲಿನ ಹುಲ್ಲು ಹತ್ತಿತ್ತು. ಹೆಂಗಸರು ಅದರ ಅಂಚಿನಲ್ಲಿ ಬಗ್ಗಿ ಕಳೆ ಕೀಳುತ್ತಿದ್ದರು. ಗುತ್ತಿಗೆದಾರನ ಕಡೆಯವನು ಒಂದು ಕೋಲಿಗೆ ಹೊಸ ಕೆಂಪು ಬಾವುಟ ಕಟ್ಟಿ ಕುಳಿಯಲ್ಲಿ ನೆಟ್ಟ. ಮುನಿಯಲ್ಲಮ್ಮ ತಲೆ ಎತ್ತಿ ನೋಡಿದವಳೇ ಕಿರುಚಿದಳು.

"ಮಂದು ಪೆಟ್ಟಿನಾರು! ಪರಿಗೆತ್ತಂಡೇ!"

ಮದ್ದು ಇಟ್ಟಿದ್ದಾರೆ, ಓಡಿ ಎಂದು. ಆ ಸೀಮೆಯವರಿಗೆ ಜೀವಕ್ಕೆ ಕುತ್ತು ಬಂದಾಗ ಬಾಯಿಗೆ ಬರುವುದು ತೆಲುಗೇ. ಕಣ್ಣು ಮಿಟುಕಿಸುವುದರೊಳಗೆ ಅಷ್ಟೂ ಹೆಂಗಸರು ಕುಡುಗೋಲು ಬಿಸಾಡಿ ಹಿಂದಿನ ದೊಡ್ಡ ಬಂಡೆಯ ಮರೆಗೆ ಓಡಿ, ಕಿವಿ ಮುಚ್ಚಿಕೊಂಡು ಕುಕ್ಕರಿಸಿದರು. ಮುನಿಯಲ್ಲಮ್ಮ ಕೊನೆಯವಳು, ಎಡವಿಬಿದ್ದ ಒಬ್ಬಳನ್ನು ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋದಳು. ಕ್ವಾರಿಯಲ್ಲಿ ಬಂಡೆ ಸಿಡಿಸುವ ಮೊದಲು ಕೆಂಪು ಬಾವುಟ ನೆಡುತ್ತಾರೆ. ಕಲ್ಲಿನ ಕೆಲಸ ಮಾಡಿದವರ ಕಾಲಿಗೆ ಅದು ಗೊತ್ತು, ತಲೆಯವರೆಗೆ ಹೋಗಬೇಕಾಗಿಲ್ಲ.

ಗುತ್ತಿಗೆದಾರನ ಕಡೆಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಗ ಭಾರತಮ್ಮ ಎಂಬ ಮುದುಕಿ ಬಂಡೆಯ ಮರೆಯಿಂದ ಎದ್ದು ಬಂದು ಅವನ ಮುಖಕ್ಕೇ ಹೇಳಿದಳು.

"ನಗ್ಬೇಡ ಕಣೋ. ಇವಳ ಗಂಡ ಪೆದ್ದಪ್ಪ ಇದೇ ಗುಂಡೀಲಿ ಹೋದ. ಅವತ್ತು ಬಾವುಟ ಕಟ್ಟಿರ್ಲಿಲ್ಲ."

ನಗು ಅಲ್ಲೇ ನಿಂತಿತು. ಪೆದ್ದಪ್ಪ ಮದ್ದು ತುಂಬಲು ಬಂಡೆಗೆ ತೂತು ಕೊರೆಯುವವನಂತೆ. ಐದಾರು ವರ್ಷದ ಹಿಂದೆ ಅವನು ಕೆಳಗೆ ಕೆಲಸದಲ್ಲಿದ್ದಾಗಲೇ ಆಚೆ ಬದಿಯ ಮದ್ದಿಗೆ ಬೆಂಕಿ ಕೊಟ್ಟರಂತೆ. ಅಲ್ಲೇ ಇದ್ದ ನಂದಕಿಶೋರ್ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಮಾರನೇ ದಿನದಿಂದ ಐದನೇ ಹೋಲಿಗೆ ಹಳದಿ ಬಾವುಟ ಬಂತು. ಅವತ್ತು ಸಂಜೆಯೇ ಅವರೇ ಹೋಗಿ ಮುನಿಯಲ್ಲಮ್ಮನ ಮುಂದೆ ಕೈಮುಗಿದು ನಿಂತದ್ದನ್ನು ನಾನು ಕಣ್ಣಾರೆ ಕಂಡೆ.

"ಬಾವುಟ ಬದಲಾಯಿಸ್ತೀನಮ್ಮ. ಗುಂಡಿ ಮುಚ್ಚು ಅಂತ ಮಾತ್ರ ಕೇಳ್ಬೇಡಿ. ನನ್ನ ಕೈಲಿ ಆಗಲ್ಲ."

"ನಿಮ್ಮಿಷ್ಟ ಸಾಮೀ. ಕೇಳೋದು ಮಾತ್ರ ನಾನು ಬಿಡಲ್ಲ," ಎಂದಳು ಆಕೆ. ಬಹಳ ಕಾಲ ಬಿಡಲೂ ಇಲ್ಲ.

ತೊಂಬತ್ತೆಂಟರಲ್ಲಿ ಕ್ಲಬ್ಬು ಶುರುವಾಯಿತು. ಹುಲ್ಲು ನೆಟ್ಟ ಹೆಂಗಸರಲ್ಲಿ ಕೆಲವರನ್ನು ಕಾಯಂ ಮಾಡಿಕೊಂಡೆವು. ಯಾರಿಗೆ ಯಾವ ಹೋಲು ಎಂದು ಹಂಚುವಾಗ ಮುನಿಯಲ್ಲಮ್ಮ ನೇರವಾಗಿ ಕೇಳಿದಳು: "ಐದನೇದು ನಂಗೆ. ಅಲ್ಲಿ ಬೇರೆ ಯಾರ್ನೂ ಹಾಕ್ಬೇಡಿ." ಮುಚ್ಚಿಸಿ ಎಂದು ಗೋಗರೆಯುವ ಜಾಗದಲ್ಲೇ ಇವಳಿಗೇನು ಕೆಲಸ ಎಂದುಕೊಂಡೆ. ಕೊಟ್ಟೆ.

ಬೆಳಿಗ್ಗೆ ನಾನು ಸೈಕಲ್ಲಿನಲ್ಲಿ ಬರುವ ಹೊತ್ತಿಗೆ ಆಕೆ ಉದ್ದನೆಯ ಬಿದಿರು ಗಳ ಬೀಸುತ್ತಾ ಹುಲ್ಲಿನ ಮೇಲಿನ ಇಬ್ಬನಿ ಕೊಡವುತ್ತಿರುತ್ತಿದ್ದಳು. ಚೆಂಡು ಬಿದ್ದು ಹುಲ್ಲಿನಲ್ಲಿ ಗುಳಿಯಾದರೆ ಹೊಡೆದವರೇ ಅದನ್ನು ಸರಿಮಾಡಬೇಕೆಂಬುದು ಆಟದ ಪದ್ಧತಿ, ಯಾರೂ ಮಾಡುತ್ತಿರಲಿಲ್ಲ. ಐದನೇ ಹೋಲಿನಲ್ಲಿ ಮಾತ್ರ ಎಲ್ಲರೂ ಮಾಡುತ್ತಿದ್ದರು. ಒಬ್ಬ ದೊಡ್ಡ ಪೊಲೀಸ್ ಅಧಿಕಾರಿ ಹಾಗೇ ಬಿಟ್ಟು ಹೊರಟಾಗ ಆಕೆ ಹಿಂದಿನಿಂದ ಕೂಗಿದಳು: "ಸಾಮೀ, ನಿಮ್ಮನೆ ಅಂಗಳ ಆಗಿದ್ರೆ ಹಿಂಗೇ ಬಿಟ್ಟು ಹೋಗ್ತಿದ್ರಾ?" ಜಿಲ್ಲೆಯನ್ನೇ ನಡುಗಿಸಿದ ಆ ಮನುಷ್ಯ ಪೆಚ್ಚುಮೋರೆ ಹಾಕಿಕೊಂಡು ಬಂದು ಮಂಡಿಯೂರಿ ಗುಳಿ ಮುಚ್ಚಿದ. ಅವತ್ತು ನನಗೆ ಆದ ಆನಂದ ಇಷ್ಟಿಷ್ಟಲ್ಲ.

ಮಧ್ಯಾಹ್ನ ನಾನು ಟಿಫಿನ್ ಡಬ್ಬಿ ತೆಗೆದುಕೊಂಡು ಆ ಹೋಲಿನ ಹಿಂದಿನ ಬಂಡೆಯ ನೆರಳಿಗೆ ಹೋಗುತ್ತಿದ್ದೆ. ಅಲ್ಲಿ ಕೂತು ಮೊಸರನ್ನ ತಿನ್ನುತ್ತಾ ನೋಡಿದ್ದೇ ನಾನು ಕಲಿತ ಗಾಲ್ಫು. ಮೊದಲ ನಾಲ್ಕು ಹೋಲು ಜನ ಸಂತೆಯ ಹಾಗೆ ಬರುತ್ತಿದ್ದರು. ಸೈಟು, ಶೇರು, ಯಾರದೋ ಮಗಳ ಮದುವೆ, ಕಿವಿಗೆ ಅಂಟಿದ ಮೊಬೈಲು. ಗುಂಡಿಯ ಆಚೆ ದಡದ ಬಂಡೆ ಹತ್ತಿ ನಿಂತರೋ, ಮಾತು ನಿಂತುಬಿಡುತ್ತಿತ್ತು. ಒಬ್ಬರು ಹೊಡೆಯುವಾಗ ಇನ್ನೊಬ್ಬರು ಮಾತಾಡಬಾರದು ಎಂಬ ನಿಯಮ ಆ ಆಟಕ್ಕೆ ಇದೆ. ಬೇರೆ ಕಡೆ ಅದನ್ನು ನೆನಪಿಸಬೇಕಾಗುತ್ತಿತ್ತು. ಇಲ್ಲಿ ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ನೀರು ನೋಡುವರು, ಬೆಟ್ಟದ ಕಡೆ ತಿರುಗಿ ಗಾಳಿ ನೋಡುವರು, ಮತ್ತೆ ನೀರು ನೋಡುವರು. ಟಕ್ ಎಂದು ಸದ್ದಾಗಿ ಚೆಂಡು ಮೇಲೇಳುತ್ತಿತ್ತು. ಅದು ಮೇಲೆ ಹೋದಷ್ಟೂ ಕೆಳಗೆ ಕಪ್ಪು ನೀರಿನಲ್ಲಿ ಇನ್ನೊಂದು ಬಿಳಿ ಚುಕ್ಕಿ ಜೊತೆಗೇ ಬರುತ್ತಿತ್ತು. ಅಷ್ಟು ಹೊತ್ತೂ ಯಾರು ಕೋಟ್ಯಧಿಪತಿ, ಯಾರು ಅವನ ಚೀಲ ಹೊತ್ತವನು ಎಂದು ಹೇಳಲು ಸಾಧ್ಯವಿರಲಿಲ್ಲ. ಎಲ್ಲರ ಕತ್ತೂ ಒಂದೇ ಕಡೆ. ನನ್ನ ತುತ್ತು ಕೂಡ ಬಾಯಿಯ ಹತ್ತಿರವೇ ನಿಂತಿರುತ್ತಿತ್ತು. ಇಂಥದ್ದನ್ನು ಮನುಷ್ಯರು ಬೇಕೆಂದೇ ಮಾಡಿಟ್ಟರಲ್ಲ ಎಂದು ಬೆರಗಾಗುತ್ತಿದ್ದೆ. ಮುನಿಯಲ್ಲಮ್ಮನೂ ಪೊರಕೆ ಹಿಡಿದು ಮರದ ಹಾಗೆ ನಿಂತಿರುತ್ತಿದ್ದಳು. ಪಾಪ, ಕ್ಲಬ್ಬಿನ ನಿಯಮಕ್ಕೆ ಹೆದರಿ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಗುಂಡಿ ಮುಚ್ಚಿಸಿ ಎಂದು ಕೇಳುವುದನ್ನು ಆಕೆ ಯಾವಾಗಲೋ ನಿಲ್ಲಿಸಿದ್ದಳು, ಅದನ್ನೂ ನಾನು ಗಮನಿಸಿರಲಿಲ್ಲ.

ಎರಡು ಸಾವಿರದ ಐದರಲ್ಲಿ ಹೊಸ ಕಮಿಟಿ ಬಂತು. ಅಧ್ಯಕ್ಷರು ಗಂಗಾಧರ್, ಟೈಲ್ಸ್ ವ್ಯಾಪಾರದಲ್ಲಿ ದೊಡ್ಡ ಹೆಸರು. ಮನುಷ್ಯ ಕೆಟ್ಟವರಲ್ಲ, ಆದರೆ ಪ್ರತಿ ಭಾನುವಾರ ಅವರ ಚೆಂಡು ಆ ಗುಂಡಿಯ ನೀರಿಗೇ ಬೀಳುತ್ತಿತ್ತು. ಎಡಗಡೆ ಹೆದರುವವರ ದಾರಿ ಇತ್ತಲ್ಲ, ಅದರಲ್ಲಿ ಹೋಗಲು ಮಾನ ಅಡ್ಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊದಲ ಮೀಟಿಂಗಿನಲ್ಲೇ, ಗುಂಡಿ ಮುಚ್ಚಿ ಹೂವಿನ ಪಾತಿ ಮಾಡೋಣ, ನೋಡಲೂ ಚೆಂದ ಎಂದರು. ಉಳಿದವರು ತಲೆಯಾಡಿಸಿದರು. ಸೋಮವಾರದಿಂದ ಮಣ್ಣಿನ ಲಾರಿ ಎಂದು ತೀರ್ಮಾನವಾಯಿತು.

ನಾನು ನಂದಕಿಶೋರ್ ಅವರಿಗೆ ಫೋನು ಮಾಡಿದೆ. "ಆಮೇಲೆ ಅದು ಹೋಲ್ ಆಗಿ ಉಳಿಯಲ್ಲ ಮುಕುಂದ್. ಬರೀ ದೂರ ಆಗುತ್ತೆ," ಎಂದು ಫೋನು ಇಟ್ಟರು. ಆಟ ತಿಳಿಯದ ನನಗೂ ಸಂಕಟವಾಯಿತು. ಒಂದೇ ಸಮಾಧಾನವೆಂದರೆ ಮುನಿಯಲ್ಲಮ್ಮನ ಹರಕೆ ಕಡೆಗೂ ತೀರಿತು ಎನ್ನುವುದು. ಸಿಹಿ ಸುದ್ದಿ ಹೇಳುವವನ ಠೀವಿಯಲ್ಲಿ ಐದನೇ ಹೋಲಿಗೆ ಹೋದೆ.

ಆಕೆ ಕೂತು ಕಳೆ ಆರಿಸುತ್ತಿದ್ದಳು. ಹೇಳಿದೆ. ಕೈ ನಿಂತಿತು, ತಲೆ ಎತ್ತಲಿಲ್ಲ.

"ಬೇಡ ಅಂತ ಹೇಳಿ ಸಾಮೀ."

ನನಗೆ ಪಿತ್ತ ನೆತ್ತಿಗೇರಿತು. "ಏನಮ್ಮಾ ಇದು? ವರ್ಷಗಟ್ಲೆ ಮುಚ್ಸಿ ಮುಚ್ಸಿ ಅಂತ ನನ್ನ ತಲೆ ತಿಂದೆ. ಈಗ ಮುಚ್ತೀವಿ ಅಂದ್ರೆ ಬೇಡ ಅಂತೀಯಾ?"

ಆಕೆ ಎದ್ದು, ಸೆರಗಿನಲ್ಲಿ ಕೈ ಒರೆಸಿಕೊಂಡು ನೀರಿನ ಕಡೆ ನೋಡಿದಳು. ಆ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ, ಪಕ್ಕದಲ್ಲಿದ್ದ ನನಗೂ ಕಿವಿಗೊಡಬೇಕಾಯಿತು.

"ಅವತ್ತು ಬೆಳಿಗ್ಗೆ ನಮ್ಮೋನು ಹೋದ. ಮಧ್ಯಾಹ್ನಕ್ಕೇ ಕ್ರಷರ್ ಶುರು ಮಾಡಿದ್ರು ಸಾಮೀ. ಹೆಣ ಇನ್ನೂ ಅಲ್ಲೇ ಬಂಡೆ ಮೇಲಿತ್ತು. ನಾನು ಅಳ್ತಿದ್ದೆ, ನನ್ ಅಳು ನಂಗೇ ಕೇಳಿಸ್ತಿರ್ಲಿಲ್ಲ, ಅಷ್ಟು ಸದ್ದು. ಒಂದ್ ಗಳಿಗೆ ನಿಲ್ಸೀ ಅಂತ ಕಾಲು ಹಿಡ್ದೆ. ಲೋಡು ಹೋಗ್ಬೇಕು, ದೂರ ಸರಿ ಅಂದ್ರು. ಒಬ್ಬ, ಒಬ್ಬನಾದ್ರೂ ಅವನಿಗೋಸ್ಕರ ಸುಮ್ನೆ ನಿಲ್ಲಲಿಲ್ಲ."

ಆಮೇಲೆ ಆಚೆ ದಡದ ಬಂಡೆಯತ್ತ ಕೈ ತೋರಿಸಿದಳು.

"ಈಗ ನೋಡಿ. ದಿನಾ ಬರ್ತಾರೆ, ಎಂತೆಂಥ ದೊಡ್ಡೋರು. ಬಾಯಿ ತುಂಬಾ ಮಾತಾಡ್ಕೊಂಡು ಬರ್ತಾರೆ. ಆ ಬಂಡೆ ಮೇಲೆ ನಿಂತು ಈ ನೀರು ನೋಡಿದ್ ತಕ್ಷಣ ಎಲ್ರೂ ಸುಮ್ನಾಗ್ತಾರೆ. ಅವ್ರಿಗೇನೂ ಗೊತ್ತಿಲ್ಲ, ಅವ್ರ ಆಟ ಅವ್ರಿಗೆ. ಗೊತ್ತಿಲ್ದಿದ್ರೂ ಸುಮ್ನಾಗ್ತಾರಲ್ಲ ಸಾಮೀ. ಮುಚ್ಚಿಬಿಟ್ರೆ ಯಾರು ಸುಮ್ನಾಗ್ತಾರೆ?"

ನಾನು ಆಫೀಸಿಗೆ ಬಂದು, ಗಂಗಾಧರ್ ಅವರ ಎದುರು ಕೂತು, ಆಕೆ ಹೇಳಿದ್ದನ್ನು ಒಂದಕ್ಷರ ಸೇರಿಸದೆ ಹೇಳಿದೆ. ಅವರು ಮೇಜಿನ ಮೇಲಿದ್ದ ಕಾರಿನ ಕೀಲಿಯನ್ನು ಆ ಕಡೆ ಈ ಕಡೆ ಸರಿಸುತ್ತಾ ಕೂತರು. ಕೊನೆಗೆ "ಲಾರಿಯೋನಿಗೆ ಬರ್ಬೇಡ ಅಂತ ಹೇಳ್ರೀ" ಎಂದಷ್ಟೇ ಅಂದು ಎದ್ದು ಹೋದರು.

ಆ ಭಾನುವಾರ ನಾನು ರಜೆಯಲ್ಲೂ ಹೋಗಿ, ಐದನೇ ಹೋಲಿನ ಹಿಂದಿನ ನನ್ನ ಬಂಡೆಯ ಹತ್ತಿರ ನಿಂತೆ. ಗಂಗಾಧರ್ ಆಚೆ ದಡದ ಬಂಡೆ ಹತ್ತಿದರು. ಜೊತೆಯವರು ಎಂದಿನಂತೆ ಮಾತು ನಿಲ್ಲಿಸಿದರು. ಚೆಂಡು ಇಟ್ಟರು, ಆದರೆ ಹೊಡೆಯಲಿಲ್ಲ. ದೊಣ್ಣೆಯನ್ನು ಪಕ್ಕಕ್ಕೆ ಹಿಡಿದು, ನೀರು ನೋಡುತ್ತಾ ನಿಂತೇ ಇದ್ದರು. ಜೊತೆಯವರಿಗೆ ಯಾಕೆಂದು ತಿಳಿಯಲಿಲ್ಲ, ಆದರೂ ಒಬ್ಬರೂ ಉಸಿರೆತ್ತಲಿಲ್ಲ. ಬೆಟ್ಟದ ಗಾಳಿ ಮಾತ್ರ ಕೇಳುತ್ತಿತ್ತು. ಆಮೇಲೆ ಹೊಡೆದರು. ಚೆಂಡು ನೀರಿಗೆ ಬಿತ್ತು. ಅವರು ಬೈಯಲಿಲ್ಲ, ಯಾರೂ ನಗಲಿಲ್ಲ.

ಈಚೆ ದಡದಲ್ಲಿ ಮುನಿಯಲ್ಲಮ್ಮ ಪೊರಕೆಯನ್ನು ಕೆಳಗಿಟ್ಟು, ಅವರ ಕಡೆಗೆ ಎರಡೂ ಕೈ ಎತ್ತಿ ಮುಗಿದಳು.