ಮಗ್ಗದ ಪಕ್ಕದಲ್ಲಿ ದಾಳ ಹಿಡಿಸಿದವರು

ಜಮಖಂಡಿಯಲ್ಲಿ ಕೇಳಿದರೆ ಚೆಸ್ ತೋರಿಸಿದರು, ಮುಧೋಳದಲ್ಲಿ ಕೇರಂ. ನನಗೆ ಬೇಕಾಗಿದ್ದುದು ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕತೆ ಕಟ್ಟುವ ಆಟ; ಅದೂ ಹೊಸಬರನ್ನು ಸೇರಿಸಿಕೊಳ್ಳುವ ಗುಂಪು. ಕೊನೆಗೆ ಸಿಕ್ಕವರು ರಬಕವಿಯಲ್ಲಿ ಪವರ್‌ಲೂಮ್ ರಿಪೇರಿ ಮಾಡುವ ಒಬ್ಬರು; ಆಟ ನಡೆಸುವವರೂ ಅವರೇ.

ಮಗ್ಗದ ಶೆಡ್ಡಿಗೆ ಅಂಟಿದ ಕೋಣೆಯಲ್ಲಿ, ಪಾಳಿ ಮುಗಿಸಿದ ನಾಲ್ವರು ನೇಕಾರರ ಜೊತೆ ನಾನು ಐದನೆಯವನು. ರಿಪೇರಿಯವರು ಕತೆ ಹೇಳುತ್ತಲೇ ಬೆರಳಲ್ಲಿ ಇಲ್ಲದ ನೂಲಿಗೆ ಗಂಟು ಹಾಕುತ್ತಿದ್ದರು. ಒಂದು ಮಗ್ಗ ನಿಂತರೂ ಎದ್ದು ಓಡುತ್ತಿದ್ದರು. ಸರಿಮಾಡಿ ಬಂದವರೇ ನನ್ನತ್ತ ತಿರುಗಿ ಕೂಗುತ್ತಿದ್ದರು: “ಈಗೇನ್ ಮಾಡ್ತೀರಿ?”

ಮೂರು ವಾರ ನೇಕಾರರ ಕಡೆ ಕೈ ತೋರಿಸಿ ನನ್ನದು ಒಂದೇ ಉತ್ತರ: “ಇವರ ಜೋಡಿ ಹೋಗ್ತೀನ್ರಿ.” ಮಗ್ಗಗಳ ಸದ್ದಿನಲ್ಲಿ ಅದನ್ನೂ ಕೂಗಿಯೇ ಹೇಳಬೇಕು. ಇನ್ನು ಬರಬಾರದು ಎಂದುಕೊಂಡೇ ಪ್ರತಿಸಲ ಮನೆಗೆ ಹೋಗುತ್ತಿದ್ದೆ.

ನಾಲ್ಕನೇ ವಾರ ಕತೆಯಲ್ಲಿ ಕೋಟೆಯ ಬಾಗಿಲು ತೆರೆಯಿತು. ಒಳಗೆ ಏನೋ ಉಸಿರಾಡುತ್ತಿತ್ತು.

“ಈಗೇನ್ ಮಾಡ್ತೀರಿ?”

ನಾನು ಬಾಯಿ ತೆರೆಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನನ್ನ ಕೂಗು ಮಾತ್ರ ಓಣಿಯವರೆಗೂ ಹೋಯಿತು: “ನನಗ ಅಂಜಿಕಿ ಬರಾಕತ್ತೈತಿ, ನಾ ಓಡಿ ಹೋಗ್ತೀನಿ.”

ತಲೆ ತಗ್ಗಿಸಿದೆ. ರಿಪೇರಿಯವರು ಆ ದಿನ ಎದ್ದು ಹೋಗಲಿಲ್ಲ. ದಾಳವನ್ನು ನನ್ನ ಅಂಗೈಯಲ್ಲಿಟ್ಟು ಮೆಲ್ಲಗೆ ಅಂದರು, “ಓಡ್ರಿ. ಎಷ್ಟ ದೂರ ಹೋಗ್ತೀರಿ ನೋಡೂಣು.”

ಆರು ಬಿತ್ತು. ಅವರು ನೇಕಾರರ ಕಡೆ ತಿರುಗಿದರು. “ನೀವೇನ್ ಮಾಡ್ತೀರಿ?”

ಮಗ್ಗ ನಿಂತದ್ದನ್ನು ಮರೆತು ನಾಲ್ವರೂ ಕೂಗಿದರು, “ಇವರ ಜೋಡಿ ಹೋಗ್ತೀವ್ರಿ.”