ಮಾವನ ಹಡಗಿನ ಕುರಿಗಳು

ಆಗೆಲ್ಲ ಮಳೆಗಾಲವೆಂದರೆ ನಮಗೆ ಮಾವ ಇರುವ ಕಾಲ. ಆ ತಿಂಗಳುಗಳಲ್ಲಿ ಕಡಲು ಕೆರಳಿ ಹಾಯಿಹಡಗುಗಳು ದಡ ಸೇರುತ್ತಿದ್ದವು. ಅವ್ವನ ತಮ್ಮ ಬೀರಪ್ಪ ಮಾವ ಸನಮಡಿಯ ನಮ್ಮ ಮನೆ ಸೇರುತ್ತಿದ್ದ. ಉಳಿದ ಕಾಲವೆಲ್ಲ ಅವನು ಅರಬರ ನಾಡಿಗೆ ಕುರಿ ಸಾಗಿಸುವ ಹಡಗಿನಲ್ಲಿ ಕುರಿ ಕಾಯುತ್ತಿದ್ದ. ಹುಲ್ಲುಕಡ್ಡಿ ಹುಟ್ಟದ ಕಡೆ ಕುರಿ ಕಾಯುವ ಕೆಲಸ!

ಆ ಹಡಗಿನ ದಿನಚರಿ ನನಗೆ ಇಂದಿಗೂ ಬಾಯಿಪಾಠ. ಬೆಳಿಗ್ಗೆ ಉಪ್ಪುನೀರಲ್ಲಿ ಹಲಗೆ ತೊಳೆಯಬೇಕು. ಸಿಹಿನೀರು ಮೊದಲು ಕುರಿಗೆ, ಆಮೇಲೆ ಮನುಷ್ಯರಿಗೆ. ಮಣ್ಣು ತುಂಬಿದ ಪೆಟ್ಟಿಗೆಯ ಮೇಲೆ ಒಲೆ ಹೂಡಿ ರೊಟ್ಟಿ. ಮಧ್ಯಾಹ್ನ ಗಾಳಿ ನಿಂತರೆ ಹಾಯಿ ಜೋತುಬೀಳುತ್ತದೆ. ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿ ನಿಲ್ಲುತ್ತವೆ. ಎಲ್ಲೆಲ್ಲೂ ಮೀನೆಣ್ಣೆಯ, ಒದ್ದೆ ಉಣ್ಣೆಯ ವಾಸನೆ.

ಕಂಡವನ ಹಾಗೆ ಬರೆಯುತ್ತಿದ್ದೇನೆ. ಕಂಡಿಲ್ಲ. ಕೊಲ್ಲಾಪುರದಲ್ಲಿ ಇತಿಹಾಸ ಓದಿದ ಮೇಲೆ ಎಲ್ಲದಕ್ಕೂ ಪುರಾವೆ ಕೇಳುವ ಚಟ ಅಂಟಿತು. ಹಾಗೆ ಕೇಳಿಕೊಂಡರೆ, ಆ ವಾಸನೆ ಮಾವನ ಕಂಬಳಿಯದ್ದಿರಬೇಕು. ಚಕ್ಕಡಿಗೆ ಕೋಲು ನೆಟ್ಟು, ಅದೇ ಕಂಬಳಿಯನ್ನು ಹಾಯಿಯಾಗಿ ಕಟ್ಟಿ ಅಣ್ಣನೂ ನಾನೂ ದಿನವಿಡೀ ಅರಬರ ನಾಡಿಗೆ ಹೋಗಿಬರುತ್ತಿದ್ದೆವು.

ಮಾವ ಮಾತಿಗೆ ಕುಳಿತರೆ ಅವ್ವ ರೊಟ್ಟಿ ಬಡಿಯುತ್ತಲೇ ಕೆಣಕುತ್ತಿದ್ದಳು.

"ಆ ಹಿಕ್ಕಿ ಚೀಲದ ಸುದ್ದಿ ಹೇಳೋ. ನಿನ್ನ ಶ್ಯಾಣೇತನ ಹುಡುಗರಿಗೂ ತಿಳೀಲಿ."

ಮೊದಲ ಸಲ ಹೋದಾಗ ಮಾವ ಕುರಿಯ ಹಿಕ್ಕೆಯನ್ನೆಲ್ಲ ಗುಡಿಸಿ ಚೀಲಗಳಲ್ಲಿ ತುಂಬಿಟ್ಟಿದ್ದನಂತೆ. ನಮ್ಮ ಕಡೆ ರಾತ್ರಿ ಹೊಲದಲ್ಲಿ ಕುರಿ ತರುಬಿಸಿ ಮಲಗಿಸಿಕೊಂಡವರು ಆ ಗೊಬ್ಬರಕ್ಕಾಗಿ ಜೋಳ ಅಳೆದು ಕೊಡುತ್ತಾರೆ. ಅಂಥದ್ದನ್ನು ನೀರಿಗೆ ಚೆಲ್ಲಲು ಅವನಿಗೆ ಕೈ ಬಂದಿರಲಿಲ್ಲ. ಹಡಗು ನಡೆಸುವ ತಾಂಡೇಲ ಚೀಲಗಳ ರಾಶಿ ನೋಡಿ ಕೂಗಾಡಿದ.

"ಎತ್ತಿ ಒಗಿ ಅಂದ. ನಾ ಅಂದ್ನಿ, ಸಮುದ್ರದಾಗ ಒಗದ್ರ ಏನ್ ಬೆಳೀತೈತ್ರೀ?"

"ಅವ ಏನಂದ ಮಾವಾ?"

"ನಿನ್ನೂ ಒಗೀತೇನಿ, ಬೆಳದು ಬಾ ಅಂದ!"

ನೂಲಹುಣ್ಣಿಮೆಗೆ ಹಡಗುಗಳು ಮತ್ತೆ ಕಡಲಿಗಿಳಿಯುತ್ತಿದ್ದವು. ಹಬ್ಬ ಹತ್ತಿರವಾದಂತೆ ಅವ್ವನ ನಗು ಇಂಗುತ್ತಿತ್ತು. ಒಂದು ವರ್ಷ ಮಾವ ಹೊರಟು ನಿಂತ ಬೆಳಿಗ್ಗೆ ನಾನು ಅವನ ಗಂಟಿನ ಮೇಲೆ ಕುಳಿತುಬಿಟ್ಟೆ.

"ಏಳೋ ಅಳ್ಯಾ, ಎಸ್ಟಿ ಬರೂ ಹೊತ್ತಾತು."

"ಏಳಂಗಿಲ್ಲ. ನೀ ಹೋಗಬ್ಯಾಡ."

"ಗಾಳಿ ನನ್ನ ಸಲುವಾಗಿ ಕಾಯತೈತೇನೋ, ಹುಚ್ಚಾ?"

ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗು ಬಾಯಿಗೊತ್ತಿಕೊಂಡಳು. "ಅವನ ಮಾತರೆ ಕೇಳೋ ತಮ್ಮಾ. ನೀ ಬರೂತನಕ ನಾ ಜೀವಾ ಕೈಯಾಗ ಹಿಡಕೊಂಡು ಕುಂದರತೇನಿ."

ಎಸ್ಟಿ ಬಸ್ಸು ಬಂದು ಹೋಯಿತು. ಮಾವ ಗಂಟು ಬಿಚ್ಚಿದ.

ತಡೆದವನು ನಾನೇ ಎನ್ನುತ್ತದೆ ನನ್ನ ನೆನಪು. ಅಣ್ಣ ಒಪ್ಪುವುದಿಲ್ಲ, ಹಡಗಿಗೆ ಎಂಜಿನ್ ಬಂದು ಆಳು ಕಡಿಮೆ ಮಾಡಿದ್ದರಂತೆ, ಮಾವನಿಗೆ ಅದು ಮೊದಲೇ ಗೊತ್ತಿತ್ತಂತೆ. ಯಾವುದು ನಿಜವೋ. ಮಾವನಂತೂ ಉಳಿದ, ನಮ್ಮ ಕುರಿಗಳ ಬೆನ್ನು ಹತ್ತಿದ. ಹಡಗಿನ ಸುದ್ದಿ ಕೇಳಿದರೆ "ಬಿಡೋ, ಮುಗೀತು ಅದು" ಎನ್ನುತ್ತಿದ್ದ.

ಮರುವರ್ಷ ಮೊದಲ ಮಳೆ ಬಿದ್ದ ದಿನ ಬಸ್ಸಿನ ಸದ್ದು ಕೇಳಿ, ಹಡಗಿನ ಮಾವ ಬಂದನೆಂದು ರಸ್ತೆಯವರೆಗೂ ಓಡಿದೆ. ಯಾರೂ ಇಳಿಯಲಿಲ್ಲ. ತೊಯ್ದುಕೊಂಡು ಮನೆಗೆ ಬಂದರೆ ಮಾವ ಪಡಸಾಲೆಯಲ್ಲಿ ಕುಳಿತು ಕುರಿಮರಿಯ ಮೈ ಒರೆಸುತ್ತಿದ್ದ. ತಲೆ ಒರೆಸಿಕೋ ಎಂದು ಅದೇ ಬಟ್ಟೆಯನ್ನು ನನ್ನತ್ತ ಎಸೆದ.

ಈಗ ಮಾವನಿಲ್ಲ. ಮಳೆ ಬಂದರೆ ಕಿಟಕಿ ಮುಚ್ಚುತ್ತೇನೆ, ಅಷ್ಟೆ.