ಗಣ್ಯರಿಲ್ಲದ ಮೂರು ಚಿತ್ರಗಳು

ಓದುವ ಹಿರಿಯರ ಸಮ್ಮುಖಕ್ಕೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಅಕ್ಷರ ಶಾಲೆಯ ದಿನಗಳಿಂದಲೂ ಚೆನ್ನಾಗಿಲ್ಲ. ಅಲ್ಪಪ್ರಾಣ, ಮಹಾಪ್ರಾಣಗಳು ಇಂದಿಗೂ ನನ್ನ ಕೈಗೆ ಸರಿಯಾಗಿ ಸಿಕ್ಕಿಲ್ಲ. ಅದಕ್ಕಾಗಿ ಮೊದಲೇ ಕ್ಷಮೆ ಕೋರುತ್ತೇನೆ. ನಾನು ಇದುವರೆಗೆ ಬರೆದದ್ದೆಲ್ಲ ರಜೆಯ ಅರ್ಜಿ, ಪ್ರವಾಸದ ದಿನಚರಿ ಮತ್ತು ಮೇಲಧಿಕಾರಿಗಳು ಕೇಳಿದಾಗ ಕೊಟ್ಟ ಸಮಜಾಯಿಷಿಗಳು ಮಾತ್ರ. ಪುಸ್ತಕ ಬರೆಯುವವರ ಭಾಷೆ ನನಗೆ ಬರುವುದಿಲ್ಲವಾದ್ದರಿಂದ ಕಚೇರಿಯ ಭಾಷೆಯಲ್ಲಿಯೇ ನಿವೇದಿಸಿಕೊಳ್ಳುತ್ತಿದ್ದೇನೆ. ಕೆಲವು ಕಡೆ ಅಕ್ಷರಗಳು ಕಾಗದ ಹರಿಯುವಷ್ಟು ಒತ್ತಿ ಬಿದ್ದಿದ್ದರೆ ಅದು ಲೇಖನಿಯ ದೋಷವಲ್ಲ. ಅಲ್ಲಿ ನನಗೆ ಸಿಟ್ಟು ಬಂದಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ರಾಯಚೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಫೋಟೋಗ್ರಾಫರ್ ಹುದ್ದೆಯಲ್ಲಿದ್ದೆ. ನನ್ನ ತಂದೆ ತಾಯಿ ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಲ್ಲಿ ಬೇರೆಯವರ ಹೊಲಗಳಲ್ಲಿ ಕೂಲಿ ಮಾಡಿದವರು. ನಮ್ಮ ಓಣಿಯಲ್ಲಿ ತಿಂಗಳ ಸಂಬಳದ ನೌಕರಿ ಹಿಡಿದವರಲ್ಲಿ ನಾನೇ ಮೊದಲಿಗ. ಇದನ್ನು ಹೆಮ್ಮೆಗಾಗಿ ಬರೆಯುತ್ತಿಲ್ಲ. ಆ ನೌಕರಿ ಎಲ್ಲಿ ಹೋದೀತೋ ಎಂಬ ಭಯ ನನ್ನ ಬೆನ್ನಿಗೆ ಎಷ್ಟು ಬಿಗಿಯಾಗಿ ಕಟ್ಟಿಕೊಂಡಿತ್ತು ಎಂಬುದು ತಿಳಿಯದಿದ್ದರೆ, ಮುಂದೆ ನಾನು ಮಾಡಿದ್ದು ಯಾರಿಗೂ ಅರ್ಥವಾಗುವುದಿಲ್ಲ.

ಕಚೇರಿಯ ಕ್ಯಾಮೆರಾ ಮೇಲೊಂದು ಕೆಳಗೊಂದು ಕಣ್ಣಿದ್ದ, ಎದೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವಂಥದ್ದು. ಒಂದು ರೋಲಿಗೆ ಹನ್ನೆರಡು ಚಿತ್ರಗಳು. ಪ್ರತಿಯೊಂದು ಚಿತ್ರಕ್ಕೂ ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯತಕ್ಕದ್ದು: ಎಲ್ಲಿ ತೆಗೆದದ್ದು, ಯಾವ ದಿನ, ಯಾವ ಉದ್ದೇಶಕ್ಕೆ. ಕಡೆಯ ಕಾಲಮಿನ ತಲೆಬರಹ ‘ಚಿತ್ರದಲ್ಲಿರುವ ಗಣ್ಯರು’ ಎಂದಿತ್ತು. ಆ ಕಾಲಮು ತುಂಬಿದರೆ ಮಾತ್ರ ಸಾಹೇಬರು ಸಹಿ ಮಾಡುವುದು, ಸಹಿ ಆದರೆ ಮಾತ್ರ ಮುದ್ರಿಸಲು ಕಾಗದ ಸಿಗುವುದು. ಹೀಗಾಗಿ ನಾನು ವರ್ಷಗಟ್ಟಲೆ ಹಾರ, ಶಾಲು, ಕತ್ತರಿ, ರಿಬ್ಬನ್ನು ಮತ್ತು ಸಸಿಗೆ ನೀರು ಹನಿಸುವ ಕೈಗಳನ್ನೇ ತೆಗೆದೆ. ಸಸಿಗಳು ಒಣಗಿದ ಮೇಲೆ ಅವುಗಳ ಚಿತ್ರ ತೆಗೆಯಲು ಯಾರೂ ಆದೇಶ ಕೊಡಲಿಲ್ಲ.

ಸಾಹೇಬರು ಕರಾವಳಿಯ ಕಡೆಯವರು. ಅವರ ಕುರ್ಚಿಯ ಹಿಂದಿನ ಗೋಡೆಗೆ ಸಮುದ್ರದ ಚಿತ್ರವಿದ್ದ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಬಂದವರಿಗೆಲ್ಲ ಅದನ್ನು ತೋರಿಸಿ, “ನೋಡಿ, ನೋಡುವಂಥ ಜಾಗ ಎಂದರೆ ಇದು. ಇಲ್ಲೇನಿದೆ, ಬಿಸಿಲು, ಕಲ್ಲು” ಎನ್ನುತ್ತಿದ್ದರು. ಬಂದವರು ನಗುತ್ತಿದ್ದರು. ಬಂದವರಲ್ಲಿ ಹೆಚ್ಚಿನವರು ರಾಯಚೂರಿನವರೇ ಆಗಿದ್ದರು. ನಗುವವರ ಪೈಕಿ ನಾನೂ ಒಬ್ಬನಾಗಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಒಂದು ಆಷಾಢದಲ್ಲಿ ದೇವದುರ್ಗ ತಾಲ್ಲೂಕಿನ ನದಿ ದಂಡೆಯ ಊರೊಂದರಲ್ಲಿ ಶಾಲಾ ಕೊಠಡಿಯ ಉದ್ಘಾಟನೆಯಾಯಿತು. ಒಂಬತ್ತು ಚಿತ್ರಗಳು ಅಲ್ಲಿಯೇ ಖರ್ಚಾದವು. ಸಾಹೇಬರು ಊಟ ಮುಗಿಸಿ ಬೇರೆ ಕಾರಿನಲ್ಲಿ ಮುಂದೆ ಹೋದರು. ನಮ್ಮ ಜೀಪು ಒಂದೆರಡು ಮೈಲಿ ಬಂದು, ಎಂಜಿನ್ನು ಕಾದು, ಬುಸುಗುಟ್ಟಿ ನಿಂತಿತು. ಚಾಲಕ ಡಬ್ಬಿ ಹಿಡಿದು ನೀರು ತರಲು ಕೃಷ್ಣೆಯ ಕಡೆಗೆ ಇಳಿದ. ನಾನು ಅವನ ಹಿಂದೆ ಹೋದೆ.

ಮಳೆ ಇನ್ನೂ ಬಿದ್ದಿರಲಿಲ್ಲ. ಪಶ್ಚಿಮದಿಂದ ಬಂದ ಮೋಡ ಕರಿಕಂಬಳಿಯಂತೆ ನದಿಯ ಮೇಲೆ ಜೋತುಬಿದ್ದಿತ್ತು. ಅದರ ಅಂಚಿಗೂ ಆಚೆ ದಂಡೆಗೂ ನಡುವೆ ಗೇಣಿನಷ್ಟು ಜಾಗದಲ್ಲಿ ಬೆಳಕು ಉಳಿದಿತ್ತು. ಆ ಬೆಳಕು ನೀರಿನ ಮೇಲೆ ತವರದ ತಗಡಿನಂತೆ ಹಾಸಿಕೊಂಡು, ಬಂಡೆಗಳ ಸಂದಿಯಲ್ಲಿ ತುಂಡುತುಂಡಾಗಿ ನಮ್ಮ ಕಾಲ ಬಳಿಯವರೆಗೂ ಬಂದಿತ್ತು. ಬಂಡೆಗಳು ತೊಯ್ದ ಎಮ್ಮೆಗಳ ಹಾಗೆ ಬೆನ್ನು ತೋರಿಸಿ ಮಲಗಿದ್ದವು. ಗಾಳಿ ನಿಂತುಹೋಗಿತ್ತು. ಹಕ್ಕಿಗಳು ಸುಮ್ಮನಾಗಿದ್ದವು. ನಾನು ಹುಟ್ಟಿದಾಗಿನಿಂದ ಈ ಸೀಮೆಯಲ್ಲಿಯೇ ಬೆಳೆದವನು. ಇದನ್ನು ನೋಡಿಯೇ ಇರಲಿಲ್ಲ ಎನಿಸಿತು. ಕ್ಯಾಮೆರಾದ ಗಾಜಿನಲ್ಲಿ ಬಗ್ಗಿ ನೋಡಿದೆ. ಉಸಿರು ಹಿಡಿದು ಒಂದು ತೆಗೆದೆ. ನಾಲ್ಕು ಹೆಜ್ಜೆ ಇಳಿದು, ಬಂಡೆಯ ಮೇಲೆ ಮೊಣಕಾಲೂರಿ ಇನ್ನೊಂದು ತೆಗೆದೆ.

“ಅಲ್ಲಿ ಯಾರದಾರ್ರೀ ಫೋಟೋ ತೆಗಿಯಾಕ?” ಎಂದು ಚಾಲಕ ಕೇಳಿದ.

“ಯಾರೂ ಇಲ್ಲ.”

“ಮತ್ತೇನ್ ತೆಗಿಯಾಕತ್ತೀರಿ?”

“ಮೋಡ.”

“ಮೋಡ ನಾಳಿಗೂ ಬರ್ತಾವ. ಮೊದಲ ಈ ಡಬ್ಬಿ ಹಿಡೀರಿ, ಜೀಪ್ ಇಲ್ಲೇ ಸತ್ತುಹೋದ್ರ ಇಬ್ರೂ ನಡಕೊಂತ ಹೋಗಬೇಕಾಗ್ತದ.”

ಮೂರನೆಯದನ್ನು ತೆಗೆದು ಡಬ್ಬಿ ಹಿಡಿದೆ. ರೋಲು ಮುಗಿಯಿತು.

ಮರುದಿನ ಕತ್ತಲೆ ಕೋಣೆಯಲ್ಲಿ ನಾನೇ ರೋಲನ್ನು ತೊಳೆದೆ. ನೆಗೆಟಿವ್‌ನಲ್ಲಿ ಮೋಡ ಬೆಳ್ಳಗೂ ನೀರಿನ ಬೆಳಕು ಕಪ್ಪಗೂ ಇತ್ತು. ಅದನ್ನು ಕಿಟಕಿಗೆ ಹಿಡಿದು ಮನಸ್ಸಿನಲ್ಲಿಯೇ ತಿರುಗಿಸಿ ನೋಡಿಕೊಂಡೆ. ಮೂರೂ ಸರಿಯಾಗಿ ಬಂದಿದ್ದವು. ನನ್ನ ಸೇವೆಯಲ್ಲಿ ನಾನು ತೆಗೆದ ಚಿತ್ರಗಳು ಎಂದರೆ ಅವು ಮೂರೇ. ಉಳಿದವನ್ನು ಕ್ಯಾಮೆರಾ ತೆಗೆದಿತ್ತು.

ಅನಂತರ ರಿಜಿಸ್ಟರ್ ಬರೆಯಲು ಕುಳಿತೆ. ಹತ್ತು, ಹನ್ನೊಂದು, ಹನ್ನೆರಡನೆಯ ಸಾಲುಗಳ ಕಡೆಯ ಕಾಲಮಿನಲ್ಲಿ ‘ಯಾರೂ ಇಲ್ಲ’ ಎಂದು ಬರೆದೆ. ಯಾರ ಹೆಸರನ್ನಾದರೂ ಗೀಚಿದ್ದರೆ ಕಾಗದ ಸಿಗುತ್ತಿತ್ತು, ಚಿತ್ರ ಮುದ್ರಣವಾಗುತ್ತಿತ್ತು, ಯಾರೂ ತೆರೆದು ನೋಡುತ್ತಿರಲಿಲ್ಲ. ಹಾಗೆ ಬರೆಯುವುದು ನನಗೆ ಹೊಸದೂ ಅಲ್ಲ. ಸಾಹೇಬರ ಮಗಳ ಹುಟ್ಟುಹಬ್ಬದ ನಾಲ್ಕು ಚಿತ್ರಗಳನ್ನು ಅದೇ ರಿಜಿಸ್ಟರಿನಲ್ಲಿ ‘ಮಕ್ಕಳ ಕಲ್ಯಾಣ ಕಾರ್ಯಕ್ರಮ’ ಎಂದು ನಮೂದಿಸಿದವನು ನಾನೇ. ಆದರೆ ಆ ದಿನ ಆ ಮೂರು ಸಾಲುಗಳಲ್ಲಿ ಸುಳ್ಳು ಬರೆಯಲು ಮನಸ್ಸು ಒಪ್ಪಲಿಲ್ಲ.

ಮೂರನೆಯ ದಿನ ನೋಟೀಸು ಬಂತು. ಸರ್ಕಾರಿ ಫಿಲ್ಮಿನ ಮೂರು ಚಿತ್ರಗಳನ್ನು ಗಣ್ಯರಾರೂ ಇಲ್ಲದ ಸ್ಥಳದಲ್ಲಿ ವ್ಯಯಿಸಿರುವುದಕ್ಕೆ ತಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಅದರಲ್ಲಿ ಕೇಳಲಾಗಿತ್ತು. ಸಾಹೇಬರು ನೆಗೆಟಿವ್‌ಗಳನ್ನು ತರಿಸಿ, ತಲೆಕೆಳಗಾಗಿ ಹಿಡಿದು ನೋಡಿದರು.

“ಏನ್ರೀ ಇದು, ಕಲ್ಲು. ನಿಮ್ಮ ಜಿಲ್ಲೆಯ ಕಲ್ಲನ್ನು ನಿಮ್ಮ ಜಿಲ್ಲೆಯವರೇ ನೋಡುವುದಿಲ್ಲ. ಯಾರಿಗೆ ತೋರಿಸುವುದಕ್ಕೆ ತೆಗೆದಿರಿ?”

ನಿಮಗೇ ತೋರಿಸುವುದಕ್ಕೆ, ಸ್ವಾಮಿ, ಎನ್ನಬೇಕಿತ್ತು.

ಹೊರಗೆ ಹೆಡ್ ಕ್ಲಾರ್ಕ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವರು ನಮ್ಮ ಕಡೆಯವರೇ, ಕೆಟ್ಟವರಲ್ಲ.

“ನೋಡಪಾ, ಬೇಕಂತ ತೆಗದೆ ಅಂದ್ರ ದುರುಪಯೋಗ. ತಪ್ಪಾಗಿ ಗುಂಡಿ ಒತ್ತ್ಯದ ಅಂದ್ರ ಅಜಾಗರೂಕತಿ. ಅಜಾಗರೂಕತಿಗೆ ಎಚ್ಚರಿಕಿ ಕೊಡ್ತಾರ, ದುರುಪಯೋಗಕ್ಕ ಮನಿಗೆ ಕಳಸ್ತಾರ. ಯಾವ್ದು ಬೇಕು ಆರಸ್ಕೋ.”

“ಒಂದ ಜಾಗದಾಗ ಮೂರ್ ಸಲ ತಪ್ಪಾಗಿ ಒತ್ತತದೇನ್ರೀ?”

“ನೀ ಇನ್ನಾ ಹೊಸಬನಂಗ ಕೇಳಾಕತ್ತಿ. ಕಾಗದದ ಮ್ಯಾಲ ಎಲ್ಲಾ ಆಗ್ತದ.”

ನಾನು ಬರೆದುಕೊಟ್ಟೆ. ‘ಸದರಿ ಮೂರು ಚಿತ್ರಗಳು ನನ್ನ ಅಜಾಗರೂಕತೆಯಿಂದ ತಪ್ಪಾಗಿ ಬಂದಿರುತ್ತವೆ. ಅವು ಯಾವ ಉಪಯೋಗಕ್ಕೂ ಬಾರದವು.’ ಎರಡನೆಯ ವಾಕ್ಯವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ವಿನಯ ಹೆಚ್ಚಾಗಿ ಕಾಣಲಿ ಎಂದು ನಾನಾಗಿಯೇ ಸೇರಿಸಿದ್ದು.

ಆ ವಾಕ್ಯವೇ ಮುಳುವಾಯಿತು. ಉಪಯೋಗಕ್ಕೆ ಬಾರದ ಸರ್ಕಾರಿ ವಸ್ತುವನ್ನು ಸಾಕ್ಷಿಯ ಎದುರು ನಾಶಪಡಿಸಿ ಪಂಚನಾಮೆ ಬರೆಯತಕ್ಕದ್ದು ಎಂಬುದು ಕಚೇರಿಯ ಪದ್ಧತಿ. ಮುರಿದ ಕುರ್ಚಿಗೂ ತೂತಾದ ಬಕೆಟ್ಟಿಗೂ ಹಾಗೆಯೇ ಮಾಡುತ್ತಿದ್ದರು. ಆ ದಿನವೇ ನೆಗೆಟಿವ್‌ಗಳು ಆದೇಶದೊಂದಿಗೆ ನನ್ನ ಮೇಜಿಗೆ ವಾಪಸಾದವು. ಕತ್ತರಿಸಬೇಕಾದವನು ನಾನೇ, ಸಾಕ್ಷಿ ನಮ್ಮ ಅಟೆಂಡರ್.

ಅಟೆಂಡರ್ ವಯಸ್ಸಾದ ಸಾಬರು. ಮನೆಯಲ್ಲಿ ದಖ್ಖನಿ ಉರ್ದು, ಕಚೇರಿಯಲ್ಲಿ ನಮ್ಮ ಕನ್ನಡ. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಅವರು ಬಾಗಿಲು ಮುಚ್ಚಿ, ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಇದು ಕೃಷ್ಣಾ ಅಲ್ಲೇನು?”

“ಹೌದು ಚಾಚಾ.”

“ಮಳಿ ಬರೂಕ್ಕಿಂತ ಮೊದಲು.”

“ನಿಮಗ ಹೆಂಗ ಗೊತ್ತಾತು?”

“ಅರೆ, ಕಣ್ಣದಾವಲ್ಲ.” ಅವರು ದನಿ ತಗ್ಗಿಸಿದರು. “ಹ್ವಾದ ತಿಂಗಳ ಬೆಳಕು ಬಿದ್ದು ಕೆಟ್ಟ ರೋಲು ನಿನ್ನ ಡ್ರಾಯರ್‌ನಾಗ ಅದಲ್ಲ, ಅದರಾಗಿಂದ ಮೂರು ಕತ್ತರಸು. ಇವನ್ನ ಬುತ್ತಿ ಡಬ್ಬ್ಯಾಗ ಇಟ್ಕೊಂಡು ಮನಿಗೆ ಹೋಗು. ಸಹಿ ಮಾಡವ ನಾನು. ನಾನ ನೋಡೀನಿ ಅಂದ ಮ್ಯಾಲ ಆತಲ್ಲ.”

“ಸಾಹೇಬರು ತುಂಡು ಕೇಳಿದ್ರ?”

“ತುಂಡು ನೋಡಿ ಹೊಳಿ ಗುರುತು ಹಿಡಿಯಾಂವಾದ್ರ ಇಡಿಯಾಗಿದ್ದಾಗ ಹಿಡೀತಿದ್ದಿಲ್ಲೇನು?”

ಅವರು ನಕ್ಕರು. ನಾನು ನಗಲಿಲ್ಲ. ಸಿಕ್ಕಿಬಿದ್ದರೆ ಏನಾದೀತು ಎಂದು ಯೋಚಿಸಿದೆ. ತಾಯಿಯ ಮುಖ ನೆನಪಾಯಿತು. ಓಣಿಯವರೆಲ್ಲ ನೆನಪಾದರು. ಚಾಚಾ ಕಿಟಕಿಯ ಕಡೆ ತಿರುಗಿ ನಿಂತು, “ನಾ ಈ ಕಡೆ ನೋಡಾಕತ್ತೀನಿ” ಎಂದರು. ನನಗಾಗಿ ಅಷ್ಟು ಹೊತ್ತು ಬೆನ್ನು ತಿರುಗಿಸಿ ನಿಂತರು. ನಾನು ಕತ್ತರಿ ತೆಗೆದುಕೊಂಡು ಕೃಷ್ಣೆಯನ್ನೇ ಕತ್ತರಿಸಿದೆ. ಮೂರನ್ನೂ, ಉದ್ದಕ್ಕೂ ಅಡ್ಡಕ್ಕೂ, ಆದೇಶದಲ್ಲಿ ಇಲ್ಲದಷ್ಟು ಸಣ್ಣಗೆ.

ಕತ್ತರಿಯ ಸದ್ದು ನಿಂತ ಮೇಲೆ ಚಾಚಾ ತಿರುಗಿದರು. ಮೇಜಿನ ಮೇಲಿದ್ದ ಚೂರುಗಳನ್ನು ನೋಡಿದರು. ಪಂಚನಾಮೆಗೆ ಉರ್ದುವಿನಲ್ಲಿ ಸಹಿ ಮಾಡಿ ಹೊರಟುಹೋದರು. ಅಂದಿನಿಂದ ಅವರು ನಿವೃತ್ತರಾಗುವವರೆಗೂ ನನ್ನನ್ನು ‘ನೀನು’ ಎನ್ನಲಿಲ್ಲ. “ಬರ್ರಿ, ಕೂಡ್ರಿ” ಎಂದೇ ಮಾತನಾಡಿಸಿದರು.

ಸಾಹೇಬರ ಮೇಲೆ ನನಗೆ ಸಿಟ್ಟಿದೆ. ಮರುವರ್ಷ ವರ್ಗವಾಗಿ ಹೋದ ಅವರಿಗೆ ಈ ಸಂಗತಿ ನೆನಪಿರಲಾರದು. ಆ ಮರೆವಿನ ಮೇಲೆ ಇನ್ನೂ ಹೆಚ್ಚು ಸಿಟ್ಟಿದೆ. ಮನುಷ್ಯನಿಲ್ಲದ ನೆಲವನ್ನು ಖಾಲಿ ಎಂದು ಬರೆಸುವ ಕಾಲಮಿನ ಮೇಲೆ ಸಿಟ್ಟಿದೆ. ನಮ್ಮ ಸೀಮೆಯನ್ನು ಹೀಗಳೆದಾಗ ನಗುತ್ತಿದ್ದ ನಮ್ಮ ಜನರ ಮೇಲೂ ಇದೆ. ಆದರೆ ಕತ್ತರಿ ನನ್ನ ಕೈಯಲ್ಲಿತ್ತು, ಬಾಗಿಲು ಮುಚ್ಚಿತ್ತು, ಒಬ್ಬ ಮನುಷ್ಯ ನನಗಾಗಿ ಗೋಡೆಯಂತೆ ನಿಂತಿದ್ದ. ಈ ಲೆಕ್ಕವನ್ನು ಬೇರೆ ಯಾರ ಹೆಸರಿಗೂ ಬರೆಯಲಾರೆ.

ಎಂಬತ್ತರ ದಶಕದ ನಡುವಿನಲ್ಲಿ ಯಾರೋ ಬಳಸಿದ ಒಂದು ಕ್ಯಾಮೆರಾವನ್ನು ಸ್ವಂತಕ್ಕೆ ಕೊಂಡೆ. ಒಂದು ಚಳಿಗಾಲದ ಭಾನುವಾರ ಬೆಳಗ್ಗೆ ಮಾನ್ವಿಯಿಂದ ಸೈಕಲ್ ತುಳಿದು ತುಂಗಭದ್ರೆಯ ದಂಡೆಯ ಚೀಕಲಪರ್ವಿಗೆ ಹೋದೆ. ನೀರಿನಿಂದ ಮಂಜು ಏಳುತ್ತಿತ್ತು. ಆಚೆ ದಂಡೆ ಇರಲಿಲ್ಲ. ಜೊಂಡಿನ ತುದಿಗಳು ಮಾತ್ರ ಮಂಜಿನ ಮೇಲೆ ಶಾಯಿಯ ಗೀರುಗಳಂತೆ ಕಾಣುತ್ತಿದ್ದವು. ಕೇಳುವ ಸಾಹೇಬರಿಲ್ಲ, ರಿಜಿಸ್ಟರಿಲ್ಲ. ಕ್ಯಾಮೆರಾ ಹಿಡಿದು ನಿಂತೆ.

ಹರಗೋಲಿನ ಮುದುಕನೊಬ್ಬ ದಂಡೆಯಲ್ಲಿ ಬೀಡಿ ಸೇದುತ್ತ ನನ್ನನ್ನೇ ನೋಡುತ್ತಿದ್ದ.

“ಯಾರಿಗರ ಕಾಯಾಕತ್ತೀರೇನ್ರೀ?”

“ಹೌದು” ಎಂದೆ. ಬಾಯಿಂದ ತಾನಾಗಿ ಬಂತು.

“ಯಾರ್ ಬರೋರದಾರ?”

ನನ್ನ ಬಳಿ ಹೆಸರಿರಲಿಲ್ಲ. ಅಷ್ಟು ಹೊತ್ತು ಗುಂಡಿಯ ಮೇಲೆ ಬೆರಳಿಟ್ಟು, ಯಾರಾದರೂ ಬಂದು ಚಿತ್ರದ ನಡುವೆ ನಿಲ್ಲಲಿ ಎಂದು ಕಾಯುತ್ತಿದ್ದೆನೆಂಬುದು ಆಗ ತಿಳಿಯಿತು. ಕಚೇರಿಯವರು ನನ್ನಿಂದ ಮೂರು ನೆಗೆಟಿವ್‌ಗಳನ್ನು ಮಾತ್ರ ಕಸಿದುಕೊಂಡಿರಲಿಲ್ಲ.

“ಬರೋ ಹಂಗಿದ್ರ ಲಗೂನ ಬರ್ಲಿ ಅನ್ರಿ. ಬಿಸಲು ಬಿತ್ತಂದ್ರ ಇದೇನೂ ಇರಂಗಿಲ್ಲ” ಎಂದ ಮುದುಕ.

ಬಿಸಿಲು ಬಿತ್ತು. ಆಚೆ ದಂಡೆ, ಬಟ್ಟೆ ಒಗೆಯುವ ಕಲ್ಲುಗಳು, ಒಂದು ಪಂಪಿನ ಕೊಳವೆ, ಎಲ್ಲವೂ ಸ್ಪಷ್ಟವಾಗಿ ಕಂಡವು. ನಾನು ಒಂದನ್ನೂ ತೆಗೆಯದೆ ಸೈಕಲ್ ಹತ್ತಿದೆ.

ಈ ಬರಹದಲ್ಲಿ ಕಾಗುಣಿತದ್ದಾಗಲಿ ವ್ಯಾಕರಣದ್ದಾಗಲಿ ತಪ್ಪುಗಳು ಕಂಡುಬಂದಲ್ಲಿ, ಓದುವವರು ಯಾವ ಸಂಕೋಚವೂ ಇಲ್ಲದೆ ಕೆಂಪು ಮಸಿಯಿಂದ ತಿದ್ದಬೇಕಾಗಿ ಕೋರುತ್ತೇನೆ. ಆ ಮೂರು ಚಿತ್ರಗಳು ಮಾತ್ರ ತಪ್ಪಾಗಿ ಬಂದವಲ್ಲ. ನಾನು ಬೇಕೆಂದೇ ತೆಗೆದವು.